ಶಿರಿತೋರಿ ಕರೋಕೆಯಲ್ಲಿ 'ರು' ಬಂದರೆ ಯಾವ ಜಪಾನಿ ಹಾಡು ಹಾಕ್ತೀರಿ?

ಯೊಕೊಹಾಮಾ ಕನ್ನಡಿಗ

ನಮಸ್ಕಾರ ಎಲ್ಲರಿಗೂ. ಜಪಾನಿನಲ್ಲಿರೋರು, ಇದ್ದು ಬಂದೋರು ಸ್ವಲ್ಪ ಸಹಾಯ ಮಾಡಿ.

ನಮ್ಮ ಟೀಮಿನವರು ಡಿಸೆಂಬರಿನಲ್ಲಿ ವರ್ಷಾಂತ್ಯದ ಬೋನೆನ್‌ಕಾಯ್ ಊಟ ಮುಗಿಸಿ ಸೀದಾ ಕರೋಕೆಗೆ ಹೋಗ್ತಾರೆ. ಸುಮ್ಮನೆ ಬಿಟ್ಟರೆ ಹಾಡೋರೇ ಹಾಡ್ತಾರೆ, ಉಳಿದೋರು ಮೊಬೈಲ್ ನೋಡ್ತಾ ಕೂರ್ತಾರೆ. ಅದಕ್ಕೆ ಈ ವರ್ಷ ಶಿರಿತೋರಿ ಕರೋಕೆ ಇಟ್ಟಿದ್ದಾರೆ. ಗೊತ್ತಿಲ್ಲದವರಿಗೆ ಹೇಳೋದಾದರೆ, ನಮ್ಮ ಅಂತ್ಯಾಕ್ಷರಿಗೆ ಹತ್ತಿರದ ಆಟ. ಹಿಂದಿನವರ ಹಾಡಿನ ಹೆಸರು ಯಾವ ಅಕ್ಷರಕ್ಕೆ ಮುಗಿಯುತ್ತೋ, ಆ ಅಕ್ಷರದಿಂದ ಶುರುವಾಗೋ ಹಾಡನ್ನ ಮುಂದಿನವರು ಹಾಕಬೇಕು. ಹೆಸರು 'ನ್' ಅಕ್ಷರಕ್ಕೆ ಮುಗಿಯೋ ಹಾಡು ಹಾಕಿದವರು ಔಟ್, ಯಾಕಂದ್ರೆ ಜಪಾನಿಯಲ್ಲಿ ಆ ಅಕ್ಷರದಿಂದ ಯಾವ ಪದವೂ ಶುರುವಾಗಲ್ಲ.

ನನಗೆ ಜಪಾನಿಯ ಕಾನಾ ಲಿಪಿ ಓದೋಕೆ ಬರುತ್ತೆ, ಹಾಡೂ ತಕ್ಕಮಟ್ಟಿಗೆ ಗೊತ್ತು. ತೊಂದರೆ ಇರೋದು 'ರು' ಜೊತೆ. 'ಯೋರು ನಿ ಕಾಕೆರು' ಹಾಡಿದರೆ ಮುಂದಿನವರಿಗೆ ರು. 'ಐದೊರು' ಹಾಡಿದರೆ ರು. ಮ್ಯಾನೇಜರ್ ಪ್ರತಿ ಸಲ ಹಾಡೋ 'ಕಿತಾಗುನಿ ನೋ ಹಾರು' ಅದೂ ರು. 'ರು'ನಿಂದ ಶುರುವಾಗೋ, ನಾವು ಹಾಡೋಕಾಗೋ ಹಾಡುಗಳು ಯಾವುವು? ಇನ್ನೊಂದು ವಿಷಯ, ಗೊತ್ತಿದ್ದೂ ಗೊತ್ತಿದ್ದೂ ಹೊಸಬರ ಮೇಲೆ 'ರು' ಎಸೆಯೋದು ನ್ಯಾಯವಾ? ನನಗಂತೂ ಸರಿ ಅನ್ನಿಸಲ್ಲ.

ಅನಿಮೆ ಹುಚ್ಚ

'ರುಪಾನ್ ಸಾನ್ಸೇ ನೋ ತೇಮಾ'. 'ಮಾ'ಗೆ ಮುಗಿಯುತ್ತೆ, ಸೇಫ್.

ಓಸಾಕಾ ಅಕ್ಕ

ತಮ್ಮಾ, ರುಪಾನ್ ಹಾಕೋ ಮುಂಚೆ ಸಾಹಿತ್ಯ ಇರೋ ಆವೃತ್ತಿನಾ ಅಂತ ನೋಡ್ಕೋ. ಬರೀ ವಾದ್ಯದ ಆವೃತ್ತಿಗಳೂ ಇವೆ, ಅದು ಬಂತು ಅಂದ್ರೆ ಮೈಕ್ ಹಿಡ್ಕೊಂಡು ಸುಮ್ಮನೆ ನಿಂತಿರಬೇಕಾಗುತ್ತೆ.

ನನ್ನ ಆಯ್ಕೆ 'ರುಬೀ ನೋ ಯುಬಿವಾ'. ತೆರಾಒ ಅಕಿರಾ ಹಾಡಿದ್ದು, 1981ರದ್ದು, ಆ ವರ್ಷದ ಜಪಾನ್ ರೆಕಾರ್ಡ್ ಪ್ರಶಸ್ತಿ ಅದಕ್ಕೇ ಬಂತು. ಸ್ವರ ಎತ್ತರಕ್ಕೆ ಹೋಗಲ್ಲ, ಅರ್ಧ ಮಾತಾಡಿದ ಹಾಗೇ ಹಾಡಬಹುದು. ಐವತ್ತು ದಾಟಿದ ಮ್ಯಾನೇಜರ್ ಇದ್ದರೆ ಮೊದಲ ಸಾಲಿಗೇ ತಲೆ ಎತ್ತಿ ನೋಡ್ತಾರೆ. 'ವಾ'ಗೆ ಮುಗಿಯುತ್ತೆ.

'ರು' ಅಂದ ಕೂಡಲೆ ಎಲ್ಲರಿಗೂ ಥಟ್ಟನೆ ನೆನಪಾಗೋ ಇನ್ನೊಂದು ಹಾಡಿದೆ, 'ರೂಜು ನೋ ದೆಂಗೊನ್'. ಅರಾಯ್ ಯುಮಿ 1975ರಲ್ಲಿ ಹಾಡಿದ್ದು. 1989ರಲ್ಲಿ ಕಿಕಿ ಅನ್ನೋ ಪುಟ್ಟ ಮಾಟಗಾತಿಯ ಜಿಬ್ಲಿ ಸಿನಿಮಾದಲ್ಲಿ ಬಂದ ಮೇಲೆ ಮಕ್ಕಳಿಗೂ ಗೊತ್ತು. ಆದರೆ ಕೊನೆ ಅಕ್ಷರ ನೋಡು. 'ನ್'. ಖುಷಿಯಾಗಿ ಹಾಕ್ತೀಯ, ಪೂರ್ತಿ ಹಾಡಿ ಮುಗಿಸ್ತೀಯ, ಔಟ್.

ಯೊಕೊಹಾಮಾ ಕನ್ನಡಿಗ

ಅಕ್ಕಾ, ರೂಜು ನನ್ನ ಪಟ್ಟಿಯಲ್ಲಿ ಮೊದಲನೇದಾಗಿತ್ತು! ತುಂಬಾ ಥ್ಯಾಂಕ್ಸ್.

ಬಯಲುಸೀಮೆ

ರುಬಿ ಇಂಗ್ಲಿಷಿನ ರ. ಲುಪಾನ್ ಅನ್ನೋದು ಲ ಅಲ್ವಾ? ಅದು ಹೆಂಗೆ 'ರು'ಗೆ ಬರುತ್ತೆ?

ನಿಹೊಂಗೊ ಮೇಷ್ಟ್ರು

ಜಪಾನಿಯಲ್ಲಿ ರ, ಲ ಎರಡಕ್ಕೂ ಒಂದೇ ಸಾಲು: ರಾ ರಿ ರು ರೆ ರೊ. ಹೊರಗಿನಿಂದ ಏನೇ ಬರಲಿ ಅದರೊಳಗೇ ಕೂರಬೇಕು. ಅದಕ್ಕೇ ಲೆಮನ್ 'ರೆ'ನಲ್ಲಿ, ಲಿಂಡಾ 'ರಿ'ನಲ್ಲಿ, ಲವ್ 'ರಾ'ದಲ್ಲಿ. ನಮಗೆ ಇದು ಅನುಕೂಲವೇ, ಎರಡೂ ಅಕ್ಷರದ ಹಾಡುಗಳು ಒಂದೇ ಕಡೆ ಸಿಗುತ್ತವೆ.

ಆದರೆ ಯೊಕೊಹಾಮಾದವರು ಹಾಡಿನ ಪಟ್ಟಿಗಿಂತ ಮೊದಲು ನಿಯಮ ಕೇಳಿಕೊಳ್ಳಬೇಕು. ಶಿರಿತೋರಿಗೆ ಒಂದೊಂದು ಮನೆಯಲ್ಲಿ ಒಂದೊಂದು ಕಾನೂನು. ಜಗಳ ಆಗೋ ಜಾಗಗಳು ಇವು.

ಒಂದು, ಕೊನೆಯಲ್ಲಿ ದೀರ್ಘದ ಗೆರೆ ಇದ್ದರೆ ಏನು? 'ದೊರೈಫುರವಾ' ಅಂತ ಯೂರಿ 2020ರಲ್ಲಿ ಹಾಡಿದ್ದು, ಬರೆಯುವಾಗ 'ವಾ' ಆದ ಮೇಲೆ ಅಡ್ಡ ಗೆರೆ ಬರುತ್ತೆ. ಕೆಲವರು 'ವಾ' ತಗೋತಾರೆ, ಕೆಲವರು ಗೆರೆಯ ಸ್ವರ 'ಆ' ತಗೋತಾರೆ.

ಇನ್ನೊಂದು, 'ಗ' ಬಂದರೆ 'ಕ'ಗೆ, 'ದ' ಬಂದರೆ 'ತ'ಗೆ ಇಳಿಸಬಹುದಾ? ಕಾನಾದಲ್ಲಿ ಎರಡು ಪುಟ್ಟ ಗೀಟು ತೆಗೆದರೆ ಗ ಹೋಗಿ ಕ ಆಗುತ್ತೆ. ಅದಕ್ಕೇ ಬಹಳ ಜನ ಒಪ್ತಾರೆ, ಕೆಲವರು ಒಪ್ಪಲ್ಲ.

ಎಲ್ಲಕ್ಕಿಂತ ಕಷ್ಟದ್ದು ಕಿವಿಗೊಂದು, ಬರಹಕ್ಕೊಂದು ಇರೋ ಹೆಸರುಗಳು. ಸಾಕಾಮೊತೊ ಕ್ಯೂ 1961ರಲ್ಲಿ ಹಾಡಿದ 'ಉಏ ಓ ಮುಇತೆ ಅರುಕೋ' ಕಿವಿಗೆ 'ಓ'ಕಾರಕ್ಕೆ ಮುಗಿದ ಹಾಗೆ ಕೇಳುತ್ತೆ. ಬರೆಯುವಾಗ ಕೊನೆಗಿರೋದು 'ಉ'. ಕಿರೊರೊ ಅವರ 1998ರ 'ಮಿರಾಯ್ ಎ' ಬರೆಯೋದು 'ಹೆ' ಅಂತ, ಓದೋದು 'ಎ' ಅಂತ. ಪಿಂಕ್ ಲೇಡಿ ಜೋಡಿಯ 1977ರ 'ಯೂಫೋ' ಟಿವಿ ಪರದೆಯಲ್ಲಿ ಯು ಎಫ್ ಓ ಅನ್ನೋ ಮೂರು ರೋಮನ್ ಅಕ್ಷರ. ಅದನ್ನ 'ಯು'ಗೆ ಹಾಕ್ಬೇಕೇ ಹೊರತು 'ಉ'ಗೆ ಅಲ್ಲ.

ಕುಡ್ಲದ ಕುವರ

ಅಷ್ಟೆಲ್ಲ ನಿಯಮ ಮಾಡಿದ್ರೆ ಆಡೋದು ಯಾವಾಗ ಮಾರಾಯ್ರೆ? ಕಿವಿಗೆ ಏನು ಕೇಳ್ತದೋ ಅದೇ ಅಕ್ಷರ ಅಂತ ಇಟ್ಕೊಂಡ್ರೆ ಮುಗೀತು.

ನಿಹೊಂಗೊ ಮೇಷ್ಟ್ರು

ಕಿವಿ ನಂಬಿದರೆ ಮೆಷಿನ್ ಕೈಕೊಡುತ್ತೆ. ರಿಮೋಟಿನಲ್ಲಿ ಹಾಡು ಹುಡುಕೋದು ಕಾನಾದಲ್ಲಿ. 'ಅರುಕೋ' ಅಂತ ಕೊನೆಗೆ 'ಓ' ಒತ್ತಿದರೆ ಹಾಡೇ ಸಿಗಲ್ಲ.

ಅಂತ್ಯಾಕ್ಷರಿ ಪ್ರಿಯೆ

ನನಗೆ ಒಂದು ಅರ್ಥ ಆಗ್ತಿಲ್ಲ. ಹಾಡಿನ ಹೆಸರಿನ ಮೇಲೆ ಯಾಕೆ ಆಡ್ತಾರೆ? ನಮ್ಮ ಅಂತ್ಯಾಕ್ಷರಿಯಲ್ಲಿ ಹಾಡಿನ ಸಾಲೇ ಆಟ. ಪಲ್ಲವಿ ಹಾಡ್ತೀವಿ, ನಿಲ್ಲಿಸಿದ ಅಕ್ಷರದಿಂದ ಮುಂದಿನ ಗುಂಪು ಎತ್ಕೊಳ್ಳುತ್ತೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಕರೆಂಟ್ ಹೋದಾಗ ಹಾಗೇ ಆಡಿಕೊಂಡು ಬಂದಿದ್ದೀವಿ. ಹೆಸರು ಹೇಳೋ ಆಟ ಆದ್ರೆ ಅದು ಪಟ್ಟಿ ಬಾಯಿಪಾಠ ಮಾಡಿದ ಹಾಗೆ, ಹಾಡು ಬಂದವರ ಆಟ ಅಲ್ಲ.

ಓಸಾಕಾ ಅಕ್ಕ

ಒಪ್ಪಲ್ಲ ಮೇಡಂ. ನಮ್ಮ ಸಿನಿಮಾ ಹಾಡುಗಳಿಗೆ ಬೇರೆ ಹೆಸರೇ ಇರಲ್ಲ, ಪಲ್ಲವಿಯ ಮೊದಲ ಮಾತೇ ಹೆಸರು. ಅದಕ್ಕೇ ನಮಗೆ ವ್ಯತ್ಯಾಸ ಗೊತ್ತಾಗಲ್ಲ. ಜಪಾನಿನಲ್ಲಿ ಹೆಸರು ಒಂದು ಕಡೆ, ಮೊದಲ ಸಾಲು ಇನ್ನೊಂದು ಕಡೆ. ಯೊನೆಝು ಕೆನ್ಶಿಯ 'ರೆಮೊನ್' ಶುರುವಾಗೋದು 'ಯುಮೆ' ಅನ್ನೋ ಮಾತಿನಿಂದ. 'ಕಿತಾಗುನಿ ನೋ ಹಾರು' ಶುರುವಾಗೋದು 'ಶಿರಾಕಾಬಾ' ಅಂತ. ಸಾಲಿನ ಮೇಲೆ ಆಡೋದಾದ್ರೆ ಎಲ್ಲರೂ ಎಲ್ಲ ಹಾಡಿನ ಮೊದಲ ಸಾಲು ನೆನಪಿಟ್ಟಿರಬೇಕು.

ಇನ್ನೊಂದು, ಮೆಷಿನ್ ಹೆಸರನ್ನ ಮಾತ್ರ ಕೇಳುತ್ತೆ. ಈಗಿನದು ಟಚ್ ಪರದೆಯ ರಿಮೋಟ್. ಡ್ಯಾಮ್ ಬ್ರ್ಯಾಂಡಿನ ಮೆಷಿನ್ ಆದ್ರೆ ಅದನ್ನ ದೆನ್‌ಮೊಕು ಅಂತಾರೆ, ಜಾಯ್‌ಸೌಂಡ್ ಆದ್ರೆ ಕ್ಯೊಕುನಾವಿ. ಅದಕ್ಕೂ ಮುಂಚೆ ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪದ ಪುಸ್ತಕ ಮೇಜಿನ ಮೇಲೆ ಇರ್ತಿತ್ತು. ಹೆಸರುಗಳು ಕಾನಾ ಕ್ರಮದಲ್ಲಿ, ಪಕ್ಕದಲ್ಲಿ ಹಾಡಿನ ನಂಬರ್. 'ರು' ಬಂತು ಅಂದ್ರೆ ಕೊನೆ ಭಾಗದ ಪುಟ ಹುಡುಕೋದು, ಆ ಜಾಗ ಎಷ್ಟು ತೆಳ್ಳಗಿರ್ತಿತ್ತು ಅಂದ್ರೆ ಪುಟ ತಿರುವೋ ಭರದಲ್ಲಿ ದಾಟಿಯೇ ಹೋಗ್ತಿದ್ದೆವು. 'ಆ' ಮತ್ತು 'ಕಾ' ಪುಟಗಳು ಮಾತ್ರ ಬೆರಳ ಎಣ್ಣೆಗೆ ಕಪ್ಪಾಗಿ ಮೂಲೆ ಮಡಚಿರ್ತಿದ್ದವು.

ಅಂತ್ಯಾಕ್ಷರಿ ಪ್ರಿಯೆ

ಪುಸ್ತಕ ನೋಡಿ ಹಾಡೋದು ಆಟ ಹೇಗಾಗುತ್ತೆ? ನೆನಪಿನಿಂದ ಬರಬೇಕು.

ಓಸಾಕಾ ಅಕ್ಕ

ಪುಸ್ತಕ ಹೆಸರು ಕೊಡುತ್ತೆ, ಹಾಡೋಕೆ ಬರಬೇಕಲ್ಲ. ಪಟ್ಟಿಯಲ್ಲಿ ನೂರು ಹಾಡಿದ್ದರೂ ನಿಮಗೆ ರಾಗ ಬರೋದು ಎರಡೋ ಮೂರೋ. ಅಲ್ಲೇ ನಿಮ್ಮ ನೆನಪಿನ ಪರೀಕ್ಷೆ.

ಅನಿಮೆ ಹುಚ್ಚ

ಸರಪಳಿ ಬೇಕಾ? ನಾವು ನಾಲ್ಕು ಜನ ಆಡಿದ್ದು ಹಾಕ್ತೀನಿ.

ಐಮ್ಯೋನ್ ಅವರ 'ಮರೀಗೋರುದೊ', 2018. 'ದೊ'.
ಯೂರಿಯ 'ದೊರೈಫುರವಾ'. ಗೆರೆ ಬಿಟ್ಟು 'ವಾ'.
ಅಲೆಕ್ಸಾಂಡ್ರೋಸ್ ಬ್ಯಾಂಡಿನ 'ವತಾರಿದೊರಿ', 2015. 'ರಿ'.
ಬ್ಲೂ ಹಾರ್ಟ್ಸ್ ಅವರ 'ರಿಂದಾ ರಿಂದಾ', 1987. ಎಲ್ಲರೂ ಎದ್ದು ಕುಣಿದರು. 'ದಾ'.
ಒಗಿನೊಮೆ ಯೋಕೊ ಅವರ 'ದಾನ್ಶಿಂಗು ಹೀರೋ', 1985. ಗೆರೆ ಬಿಟ್ಟು 'ರೊ'.
ಸ್ಪಿಟ್ಸ್ ಅವರ 'ರೊಬಿನ್ಸೊನ್', 1995. ಔಟ್!

ರೊಬಿನ್ಸೊನ್ ಹಾಕಿದವನಿಗೆ ಅದು 'ನ್' ಅಂತ ಗೊತ್ತಿತ್ತು. ಗೊತ್ತಿದ್ದೂ ಹಾಕಿದ. ಆ ಹಾಡು ಹಾಡದೆ ಮನೆಗೆ ಹೋಗಲ್ಲ ಅಂದ. ನಾವೂ ಜೊತೆಗೆ ಹಾಡಿದ್ವಿ.

ಧಾರವಾಡ ಪೇಡೆ

ದಾನ್ಶಿಂಗು ಹೀರೋ ಅಂದ್ರ 2017ರಾಗ ಓಸಾಕಾದ ಹೈಸ್ಕೂಲ್ ಹುಡುಗ್ಯಾರು ಎಂಬತ್ತರ ದಶಕದ ದೊಡ್ಡ ಭುಜದ ಕೋಟು ಹಾಕ್ಕೊಂಡು ಕುಣಿದಿದ್ರಲ್ಲ, ಅದ ಹಾಡು ಹೌದಲ್ರೀ? ನಮ್ಮ ಮಗಳು ಆ ವಿಡಿಯೋ ನೋಡಿ ಮನೀ ತುಂಬ ಕುಣೀತಿದ್ಲು.

ಅನಿಮೆ ಹುಚ್ಚ

ಹೌದು ಸರ್, ತೊಮಿಓಕಾ ಹೈಸ್ಕೂಲಿನ ಡ್ಯಾನ್ಸ್ ಕ್ಲಬ್. ಆಮೇಲೆ ಆ ಹಾಡು ಮತ್ತೆ ಎಲ್ಲರ ಬಾಯಿಗೆ ಬಂತು.

ಇನ್ನೊಂದು ಸರಪಳಿ ಇದೆ, ಇದನ್ನ ಮುರಿಯೋದು ಕಷ್ಟ. 'ಝಾಂಕೊಕು ನಾ ತೆನ್ಶಿ ನೋ ತೇಝೆ' ಹಾಕಿ, 'ಝೆ' ಬರುತ್ತೆ. 'ಝೆ'ಗೆ ಹಾಡೇ ಇಲ್ಲ ಅಂತ ಎದುರಿನವರು ಕೈಚೆಲ್ತಾರೆ. ಆದರೆ ರ್‍ಯಾಡ್‌ವಿಂಪ್ಸ್ ಅವರ 2016ರ 'ಝೆನ್‌ಝೆನ್‌ಝೆನ್ಸೆ' ಇದೆ! ಅಲ್ಲಿಂದ 'ಸೆ', ಸ್ಮಾಪ್ 2003ರಲ್ಲಿ ಹಾಡಿದ 'ಸೆಕಾಯ್ ನಿ ಹಿತೊತ್ಸು ದಾಕೆ ನೋ ಹಾನಾ'. ಅಲ್ಲಿಂದ 'ನಾ', ನಾತ್ಸುಕಾವಾ ರಿಮಿಯ 'ನಾದಾ ಸೋಸೋ'. ಅದು ಬರಹದಲ್ಲಿ 'ಉ'ಗೆ ಮುಗಿಯುತ್ತೆ. 'ಉ'ಗೆ ಮೇಷ್ಟ್ರು ಹೇಳಿದ 'ಉಏ ಓ ಮುಇತೆ ಅರುಕೋ', ಅದು 'ಉ'ನಿಂದ ಶುರುವಾಗಿ 'ಉ'ಗೇ ಮುಗಿಯುತ್ತೆ. ಎದುರಿನವರಿಗೆ ಮತ್ತೆ 'ಉ'. ಆಗ ಅವರು ಆದೋಳ 'ಉಸ್ಸೇವಾ' ಹಾಕ್ತಾರೆ.

ಮಲ್ನಾಡ್ ಹುಡ್ಗಿ

'ಗೆ' ಬಂದ್ರೆ? ರೀಸಾ ಹಾಡಿದ 'ಗುರೆಂಗೆ' ಎಲ್ಲರೂ ಹಾಡ್ತಾರೆ, ಆಮೇಲೆ 'ಗೆ'.

ಓಸಾಕಾ ಅಕ್ಕ

'ಗೆಗೆಗೆ ನೋ ಕಿತಾರೋ'. 1968ರ ಕಾರ್ಟೂನ್ ಹಾಡು, ಬರೆದವರು ಆ ಕಥೆಯ ಮಿಝುಕಿ ಶಿಗೆರು ಅವರೇ. ಅಜ್ಜನಿಂದ ಮೊಮ್ಮಗುವರೆಗೆ ಎಲ್ಲರಿಗೂ ಬರುತ್ತೆ. ಇದೂ 'ಉ'ಗೇ ಮುಗಿಯೋದು.

ಬಯಲುಸೀಮೆ

ನನ್ನ ಸಲಹೆ ಸರಳ. ಇತ್ತೀಚಿನ ಹಿಟ್ ಹಾಡು ಒಂದಿಪ್ಪತ್ತು ಕಲಿತ್ಕೊಂಡು ಹೋಗಿ, ಯಾವ ಅಕ್ಷರ ಬಂದ್ರೂ ಒಂದು ಸಿಗುತ್ತೆ.

ನಿಹೊಂಗೊ ಮೇಷ್ಟ್ರು

ಸಿಗಲ್ಲ, ಲೆಕ್ಕ ಹಾಕಿ ನೋಡಿ. ಬಿಲ್‌ಬೋರ್ಡ್ ಜಪಾನಿನ ವರ್ಷದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದನ್ನೇ ತಗೊಳ್ಳಿ. 2018 ಮತ್ತು 2019 ಎರಡೂ ವರ್ಷ 'ರೆಮೊನ್', 'ನ್'. 2020ರಲ್ಲಿ 'ಯೋರು ನಿ ಕಾಕೆರು', ರು. 2021ರಲ್ಲಿ 'ದೊರೈಫುರವಾ', ಗೆರೆಯ ಜಗಳ. 2022ರಲ್ಲಿ ಎಮೇ ಅವರ 'ಝಾಂಕ್ಯೋಸಾಂಕಾ', 'ಕಾ', ಇದೊಂದೇ ನೆಮ್ಮದಿಯದ್ದು. 2023ರಲ್ಲಿ 'ಐದೊರು', ಮತ್ತೆ ರು. 2024ರಲ್ಲಿ ಕ್ರೀಪಿ ನಟ್ಸ್ ಅವರ 'ಬ್ಲಿಂಗ್ ಬ್ಯಾಂಗ್ ಬ್ಯಾಂಗ್ ಬಾರ್ನ್', ಅದೂ 'ನ್'. ಏಳು ವರ್ಷದಲ್ಲಿ ಐದು ಸಲ ಒಂದೋ ಹಾಕಿದವನು ಔಟ್, ಇಲ್ಲವೋ ಪಕ್ಕದವನಿಗೆ ರು. ಹಿಟ್ ಪಟ್ಟಿ ನಂಬಿಕೊಂಡು ಶಿರಿತೋರಿಗೆ ಹೋಗಬೇಡಿ.

ಯೊಕೊಹಾಮಾ ಕನ್ನಡಿಗ

ಮೇಷ್ಟ್ರೇ, ಇದು ಕಾಕತಾಳೀಯನಾ? 'ರು'ಗೆ ಮುಗಿಯೋದು ಇಷ್ಟೊಂದು, ಶುರುವಾಗೋದು ಇಷ್ಟು ಕಡಿಮೆ, ಯಾಕೆ?

ನಿಹೊಂಗೊ ಮೇಷ್ಟ್ರು

ಕಾಕತಾಳೀಯ ಅಲ್ಲ. ಭಾಷೆಯ ಕಟ್ಟಡವೇ ಹಾಗಿದೆ.

ಜಪಾನಿ ಕ್ರಿಯಾಪದ ನಿಘಂಟಿನ ರೂಪದಲ್ಲಿ ಉಕಾರಕ್ಕೆ ಮುಗಿಯುತ್ತೆ, ಅದರಲ್ಲೂ ಬಹಳಷ್ಟು 'ರು'ಗೆ. ಕಾಕೆರು, ತಾಬೆರು, ಮಿರು, ಕುರು, ಸುರು. ಹಾಡಿನ ಹೆಸರನ್ನ ಕ್ರಿಯಾಪದಕ್ಕೆ ನಿಲ್ಲಿಸಿದರೆ 'ರು' ಬರೋ ಸಾಧ್ಯತೆ ಜಾಸ್ತಿ. ಇದರ ಮೇಲೆ ಇಂಗ್ಲಿಷಿನ ಐಡಲ್, ಹೋಟೆಲ್, ಏಂಜೆಲ್ ತರದ ಪದಗಳೂ ಜಪಾನಿಗೆ ಬಂದಾಗ 'ರು'ಗೇ ಮುಗಿಯುತ್ತವೆ.

ಶುರುವಿಗೆ ಬಂದರೆ ಕಥೆ ಪೂರ್ತಿ ಉಲ್ಟಾ. ಅಚ್ಚ ಜಪಾನಿ ಪದಗಳು ರ ಸಾಲಿನಿಂದ ಶುರುವಾಗೋದೇ ಇಲ್ಲ ಅನ್ನಬಹುದು. ಇರೋವೆಲ್ಲ ಚೀನಾದಿಂದ ಬಂದದ್ದು, ಇಲ್ಲವೇ ಪಶ್ಚಿಮದಿಂದ ಬಂದದ್ದು. ಮೇಲೆ ಬಂದ ಹಾಡುಗಳನ್ನೇ ನೋಡಿ. ರುಬಿ, ರೂಜು, ರುಪಾನ್, ರಿಂದಾ, ರೆಮೊನ್, ರೊಬಿನ್ಸೊನ್. ಒಂದೂ ಮನೆಯದ್ದಲ್ಲ. ಮಾತಿನ ಶಿರಿತೋರಿಯಲ್ಲೂ ಎದುರಿನವರಿಗೆ ಬರೀ 'ರು' ಕೊಡ್ತಾ ಹೋಗೋ ತಂತ್ರಕ್ಕೆ 'ರುಝೆಮೆ' ಅಂತ ಹೆಸರೇ ಇದೆ. ಅಂದರೆ ರು ದಾಳಿ.

ಅಂತ್ಯಾಕ್ಷರಿ ಪ್ರಿಯೆ

ಅಯ್ಯೋ, ಇದು ನಮ್ಮಲ್ಲೂ ಇದೆ! ಅಚ್ಚಗನ್ನಡದಲ್ಲಿ ರ, ಲ ಇಂದ ಶುರುವಾಗೋ ಪದ ಎಷ್ಟಿವೆ ಹೇಳಿ? ಅಂತ್ಯಾಕ್ಷರಿಯಲ್ಲಿ 'ರ' ಬಂದಾಗ ನಮ್ಮನ್ನ ಕಾಪಾಡೋದು ರಾಮ, ರಾಧೆ, ರಾಗ, ರವಿ, ಎಲ್ಲಾ ಸಂಸ್ಕೃತದವೇ. 'ಳ', 'ಣ' ಬಂದ್ರಂತೂ ಶುರು ಮಾಡೋಕೆ ಪದವೇ ಇಲ್ಲ, ಅದಕ್ಕೇ 'ಲ', 'ನ' ಮಾಡ್ಕೊಂಡು ಹಾಡ್ತೀವಿ. ಅವರು ಗೀಟು ತೆಗೆದು 'ಗ'ನ 'ಕ' ಮಾಡೋದೂ ಇದೇ ತರದ ರಾಜಿ.

ನಿಹೊಂಗೊ ಮೇಷ್ಟ್ರು

ಸರಿಯಾಗಿ ಹೇಳಿದಿರಿ. ದ್ರಾವಿಡ ಭಾಷೆಗಳ ಹಳೇ ಲಕ್ಷಣ ಅದು.

ಕ್ಯೋತೊ ನಿವಾಸಿ

ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ಮೊದಲ ಅಕ್ಷರದ ಮೇಲೆ ಹಾಡು ವಿಂಗಡಿಸೋದು ಕರೋಕೆ ಕಾಲದ್ದಲ್ಲ, ಅದಕ್ಕಿಂತ ಎಷ್ಟೋ ಹಳೇದು. ಹ್ಯಾಕುನಿನ್ ಇಶ್ಶು ಗೊತ್ತಲ್ಲ? ನೂರು ಕವಿಗಳ ಒಂದೊಂದು ಪದ್ಯ. 13ನೇ ಶತಮಾನದಲ್ಲಿ ಫುಜಿವಾರಾ ನೋ ತೇಕಾ ಆಯ್ದ ಸಂಕಲನ. ಹೊಸ ವರ್ಷಕ್ಕೆ ಅದನ್ನ ಕಾರ್ಡಿನಲ್ಲಿ ಆಡ್ತಾರೆ. ಒಬ್ಬರು ಪದ್ಯ ಹಾಡಿದ ಹಾಗೆ ಓದ್ತಾರೆ, ಆಟಗಾರರು ಅದರ ಕೊನೇ ಅರ್ಧ ಬರೆದ ಕಾರ್ಡನ್ನ ಚಾಪೆಯ ಮೇಲಿಂದ ಬಡಿದು ತಗೋಬೇಕು.

ಬಲ್ಲವರು ಪದ್ಯ ಪೂರ್ತಿ ಕೇಳೋಕೆ ಕಾಯಲ್ಲ. ಯಾವ ಅಕ್ಷರಕ್ಕೆ ಬಂದಾಗ ಇದು ಇದೇ ಪದ್ಯ ಅಂತ ಖಾತ್ರಿ ಆಗುತ್ತೋ ಅದಕ್ಕೆ ಕಿಮಾರಿಜಿ ಅಂತಾರೆ. ಮು, ಸು, ಮೆ, ಫು, ಸಾ, ಹೊ, ಸೆ ಈ ಏಳರಿಂದ ಒಂದೊಂದೇ ಪದ್ಯ ಶುರುವಾಗೋದು, ಹಾಗಾಗಿ ಓದುವವರ ಬಾಯಿಂದ ಮೊದಲ ಅಕ್ಷರ ಬಿದ್ದ ಕೂಡಲೆ ಕೈ ಹೋಗುತ್ತೆ. 'ಆ'ದಿಂದ ಶುರುವಾಗೋದು ಹದಿನಾರು, ಅಲ್ಲಿ ಇನ್ನೂ ಕೆಲವು ಅಕ್ಷರ ಕಾಯಬೇಕು. ಮೇಷ್ಟ್ರ ಮಾತಿಗೆ ಇಲ್ಲೇ ಸಾಕ್ಷಿ ಇದೆ: ನೂರು ಪದ್ಯದಲ್ಲಿ ರಾ ರಿ ರು ರೆ ರೊ ಇಂದ ಶುರುವಾಗೋದು ಒಂದೂ ಇಲ್ಲ.

ಜನವರಿಯಲ್ಲಿ ಒತ್ಸುವಿನ ಓಮಿ ಜಿಂಗೂ ದೇವಾಲಯದಲ್ಲಿ ಇದರ ದೊಡ್ಡ ಪಂದ್ಯ ನಡೆಯುತ್ತೆ. ಕಾನ್ಸಾಯ್ ಕಡೆ ಇರೋರು ಆ ದೇವಾಲಯಕ್ಕೆ ಒಮ್ಮೆ ಹೋಗಿ ಬನ್ನಿ.

ಮಲ್ನಾಡ್ ಹುಡ್ಗಿ

ಎಷ್ಟು ಚೆನ್ನಾಗಿ ಹೇಳಿದ್ರಿ! 'ರು' ಯಾಕೆ ಸಿಗಲ್ಲ ಅನ್ನೋದು ಈಗ ಅರ್ಥ ಆಯ್ತು.

ಕೋಬೆ ಬಾಬು

ಕಾರ್ಡಿನ ವಿಷಯ ಸರಿ, ಕರೋಕೆಗೆ ನಮ್ಮ ಕೋಬೆಗೆ ನಮಸ್ಕಾರ ಹಾಕಿ ಆಡಿ. ಇನೊಉಎ ದಾಯ್ಸುಕೆ 1971ರಲ್ಲಿ ಇಲ್ಲೇ ಮೆಷಿನ್ ಮಾಡಿದ್ದು. ಬಾರ್‌ಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸ್ತಿದ್ದವರು. ಪೇಟೆಂಟ್ ಮಾಡಿಸಲಿಲ್ಲ. 2004ರಲ್ಲಿ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಕೊಟ್ಟರು, ಜನ ಒಬ್ಬರನ್ನೊಬ್ಬರು ಸಹಿಸೋದಕ್ಕೆ ಹೊಸ ದಾರಿ ಕಲಿಸಿದ್ದಕ್ಕೆ ಅಂತ.

ಕುಡ್ಲದ ಕುವರ

ಮೊದಲನೆಯವರು ಅವರಲ್ಲ ಮಾರಾಯ್ರೆ. ನೆಗಿಶಿ ಶಿಗೆಇಚಿ 1967ರಲ್ಲೇ ಸ್ಪಾರ್ಕೊ ಬಾಕ್ಸ್ ಅಂತ ಮಾಡಿದ್ರು. ನೂರು ವರ್ಷ ಬದುಕಿ 2024ರಲ್ಲಿ ತೀರಿಕೊಂಡ್ರು. ಪೇಟೆಂಟ್ ಪಡೆದದ್ದು ಫಿಲಿಪೀನ್ಸಿನ ರೊಬೆರ್ತೊ ದೆಲ್ ರೊಸಾರಿಯೊ.

ಕೋಬೆ ಬಾಬು

ಮೊದಲು ಮಾಡಿದ್ದು ಬೇರೆ, ಬಾರ್ ಬಾರಿಗೆ ಬಾಡಿಗೆಗೆ ಕೊಟ್ಟು ಅದನ್ನೊಂದು ವ್ಯಾಪಾರ ಮಾಡಿ ನಿಲ್ಲಿಸಿದ್ದು ಬೇರೆ. ಎರಡನೇದು ಕೋಬೆಯದ್ದೇ. ಇದರಲ್ಲಿ ಬಿಟ್ಟುಕೊಡಲ್ಲ.

ಧಾರವಾಡ ಪೇಡೆ

ಸಣ್ಣ ಸಣ್ಣ ಖೋಲಿ ಮಾಡಿ ಬಾಡಿಗಿ ಕೊಡೋದು ಓಕಾಯಾಮಾದಾಗ ಶುರು ಆತಂತ. 1985ರಾಗ ಸರಕಿನ ಕಂಟೇನರ್‌ಗೆ ಬಾಗಿಲಾ ಹಚ್ಚಿ ಒಳಗ ಕುರ್ಚಿ ಇಟ್ಟಿದ್ರು. ಮಂದಿ ಮುಂದ ಹಾಡಾಕ ನಾಚೋರಿಗೆ ಅದ ಅನುಕೂಲ. ಇಲ್ಲಾಂದ್ರ ಶಿರಿತೋರಿ ಆಟ ಎಲ್ಲಿ ಆಡ್ತಿದ್ರು? ಬಾರ್‌ನ್ಯಾಗ ಎಲ್ಲಾರ ಮುಂದ ಆಗ್ತಿರ್ಲಿಲ್ಲ.

ಮಲ್ನಾಡ್ ಹುಡ್ಗಿ

ನಾವು ಬೇರೆ ತರ ಆಡ್ತೀವಿ. ಒಂದು ಅಕ್ಷರ ಚೀಟಿ ಎತ್ತೋದು, ಆಮೇಲೆ ಕೊಟ್ಟ ಸಮಯ ಮುಗಿಯೋವರೆಗೂ ಎಲ್ಲರೂ ಅದೇ ಅಕ್ಷರದ ಹಾಡೇ ಹಾಡಬೇಕು. ಯಾರಿಗೂ ಸಿಗದಿದ್ರೆ ಚೀಟಿ ಬದಲು. ಮಾರ್ಚಲ್ಲಿ 'ಸಾ' ಬಂದ್ರೆ ಸಾಕುರಾ ಹಬ್ಬ ಆಗೋಗತ್ತೆ. 'ಸಾಕುರಾ' ಅಂತಲೇ ಎಷ್ಟು ಹಾಡು ಗೊತ್ತಾ? ಮೊರಿಯಾಮಾ ನಾಒತಾರೋದು 2003, ಕೆತ್ಸುಮೇಶಿದು 2005, ಕೊಬುಕುರೊದು ಅದೇ ವರ್ಷ, ಇಕಿಮೊನೊಗಾಕಾರಿದು 2006. ಅದರ ಜೊತೆ ಫುಕುಯಾಮಾ ಮಾಸಾಹಾರುವಿನ 'ಸಾಕುರಾಝಾಕಾ', 2000ದ್ದು.

ಬಯಲುಸೀಮೆ

ಒಂದೇ ಹೂವಿನ ಮೇಲೆ ಇಷ್ಟೊಂದು ಯಾಕೆ?

ಓಸಾಕಾ ಅಕ್ಕ

ಶಾಲೆ ಮುಗಿಯೋದು ಮಾರ್ಚಿಗೆ, ಹೊಸ ತರಗತಿ, ಹೊಸ ಕೆಲಸ ಏಪ್ರಿಲ್‌ಗೆ. ಬಿಟ್ಟು ಹೋಗೋದು, ಹೊಸದಾಗಿ ಸೇರೋದು ಎರಡೂ ಆ ಹೂವು ಬಿಡೋ ವಾರಗಳಲ್ಲೇ. ಅದಕ್ಕೇ ಆ ಹೊತ್ತಿಗೆ ಸರಿಯಾಗಿ ಹಾಡು ಬಿಡ್ತಾರೆ.

ನಿಹೊಂಗೊ ಮೇಷ್ಟ್ರು

ಮೊರಿಯಾಮಾ ಅವರ ಹಾಡಿನ ಪೂರ್ತಿ ಹೆಸರು 'ಸಾಕುರಾ', ಆಮೇಲೆ ಆವರಣದಲ್ಲಿ 'ದೊಕುಶೋ'. ಶಿರಿತೋರಿಯಲ್ಲಿ ಆವರಣ ಸೇರಿಸಿದರೆ 'ಉ', ಬಿಟ್ಟರೆ 'ರಾ'. ಇದನ್ನೂ ಮೊದಲೇ ಮಾತಾಡಿಕೊಳ್ಳಿ. 'ರಾ' ಅಂದರೂ ಭಯ ಬೇಡ. ಒದಾ ಕಾಝುಮಾಸಾ ಅವರ 1991ರ 'ರಾಬು ಸುತೋರೀ ವಾ ತೊತ್ಸುಝೆನ್ ನಿ', ಈಗಿನವರಿಗೆ ಮಿಸೆಸ್ ಗ್ರೀನ್ ಆ್ಯಪಲ್ ಅವರ 2024ರ 'ರಾಯ್‌ರಾಕ್ಕು'.

ಮಲ್ನಾಡ್ ಹುಡ್ಗಿ

'ಸಾ'ಗೆ ಸಾಕುರಾ ಬಿಟ್ಟೂ ಇದೆ. 'ಸಾಯೊನಾರಾ', 'ಸಾಉದಾಜಿ', 'ಸಾಬೊತೆನ್ ನೋ ಹಾನಾ', 'ಸಾರಾಯ್'. ಒಂದೇ ಅಕ್ಷರದ ಆಟದಲ್ಲಿ 'ನ್' ಭಯ ಇಲ್ಲ, ಯಾರೂ ಔಟ್ ಆಗಲ್ಲ. ಹೊಸಬರಿದ್ರೆ ಇದೇ ಒಳ್ಳೇದು ಅನ್ಸತ್ತೆ.

ಅನಿಮೆ ಹುಚ್ಚ

ಔಟ್ ಇಲ್ಲದಿದ್ರೆ ಆಟ ಏನಕ್ಕೆ? ಮೂಲ ಪ್ರಶ್ನೆಗೆ ನನ್ನ ಉತ್ತರ: ರು ದಾಳಿ ಪೂರ್ತಿ ನ್ಯಾಯ. ಚೆಸ್ಸಲ್ಲಿ ಹೊಸಬರು ಅಂತ ಚೆಕ್ ಕೊಡದೆ ಇರ್ತೀವಾ? 'ರು'ಗೆ ಎರಡು ಹಾಡು ಕಲಿತು ಬನ್ನಿ.

ಅಂತ್ಯಾಕ್ಷರಿ ಪ್ರಿಯೆ

ಚೆಸ್ ಇಬ್ಬರು ಮಾತ್ರ ಕೂತು ಆಡೋದು. ಇದು ಹತ್ತು ಜನ ಸೇರಿರೋ ಕೋಣೆ. ಹೊಸ ದೇಶಕ್ಕೆ ಬಂದು ಧೈರ್ಯ ಮಾಡಿ ಮೈಕ್ ಹಿಡಿದವರನ್ನ ಮೊದಲ ಸುತ್ತಲ್ಲೇ ಕೂರಿಸಿದ್ರೆ ಇನ್ನೊಂದು ಸಲ ಬರ್ತಾರಾ? ಮದುವೆ ಮನೆಯಲ್ಲಿ ಬೀಗರ ಕಡೆಯವರಿಗೆ ನಾವು ಬೇಕು ಅಂತಲೇ ಸುಲಭದ ಅಕ್ಷರ ಬಿಡ್ತಿದ್ವಿ. ಅವರು ಹಾಡಲಿ ಅಂತಲೇ ಆಟ ಇಟ್ಟಿರೋದು.

ಅನಿಮೆ ಹುಚ್ಚ

ಸುಲಭದ ಅಕ್ಷರ ಕೊಟ್ಟಿದ್ದು ಅವರಿಗೆ ಗೊತ್ತಾದ್ರೆ ಬೇಜಾರಾಗಲ್ವಾ ಅಕ್ಕ? ನನಗೆ ಯಾರಾದ್ರೂ ಹಾಗೆ ಬಿಟ್ಟುಕೊಟ್ಟರೆ ಹಿಡಿಸಲ್ಲ. ಪೂರ್ತಿ ಬಲ ಹಾಕಿ ಆಡಿದರೇ ಮರ್ಯಾದೆ ಕೊಟ್ಟ ಹಾಗೆ.

ಕ್ಯೋತೊ ನಿವಾಸಿ

ನಮ್ಮ ಗುಂಪಿನಲ್ಲಿ ಒಂದು ದಾರಿ ಇದೆ. 'ರು' ಬಂದವರು ಕೊನೆ ಅಕ್ಷರ ಬಿಟ್ಟು ಅದರ ಹಿಂದಿನ ಅಕ್ಷರ ತಗೋಬಹುದು, ಇಡೀ ರಾತ್ರಿಗೆ ಒಂದು ಸಲ ಮಾತ್ರ. 'ಹಾರು' ಬಂದ್ರೆ 'ಹಾ'. ದಾಳಿ ಮಾಡೋರು ಮಾಡಲಿ, ತಪ್ಪಿಸ್ಕೊಳ್ಳೋಕೆ ಒಂದು ಬಾಗಿಲು ಇರಲಿ.

ಯೊಕೊಹಾಮಾ ಕನ್ನಡಿಗ

ಇದು ಒಳ್ಳೇ ನಿಯಮ, ಆಫೀಸಲ್ಲಿ ಮುಂದಿಡ್ತೀನಿ. ಇನ್ನೊಂದು ಪ್ರಶ್ನೆ. ಹಾಡು ಪೂರ್ತಿ ಹಾಡಬೇಕಾ?

ಓಸಾಕಾ ಅಕ್ಕ

ಬೇಡ. ಒಂದು ಚರಣ, ಪಲ್ಲವಿ ಆದ ಕೂಡಲೆ ನಿಲ್ಲಿಸೋ ಬಟನ್ ಒತ್ತಿ. ಹತ್ತು ಜನ ಇದ್ದು ಎಲ್ಲರೂ ಪೂರ್ತಿ ಹಾಡಿದ್ರೆ ಎರಡು ಗಂಟೆಗೆ ಮೂರು ಸುತ್ತೂ ಆಗಲ್ಲ. ಅಂಕ ಕೊಡೋ ಸೌಲಭ್ಯ ಬಂದ್ ಮಾಡಿ, ಅದು ಸಮಯ ತಿನ್ನುತ್ತೆ. ಸಮಯ ಮುಗಿಯೋಕೆ ಹತ್ತು ನಿಮಿಷ ಇರುವಾಗ ಕೆಳಗಿನಿಂದ ಫೋನ್ ಬರುತ್ತೆ. ಆಗ ಯಾರಾದ್ರೂ ಬೇಕು ಅಂತಲೇ 'ನ್' ಹಾಡು ಹಾಕಿ ಆಟ ಮುಗಿಸಿ. ಕುಬೊತಾ ಸಾಕಿಯ 'ಇಹೋಜಿನ್' ಇದಕ್ಕೆ ಚೆನ್ನಾಗಿರುತ್ತೆ, 1979ರದ್ದು, ಎಲ್ಲ ವಯಸ್ಸಿನವರೂ ಸೇರ್ಕೋತಾರೆ.

ಕುಡ್ಲದ ಕುವರ

'ರು' ಆಯ್ತು, 'ರಿ' ಬಂದ್ರೆ ಎಂತ ಮಾಡೋದು? ರಿಂದಾ ರಿಂದಾ ಒಂದೇ ಅಲ್ವಾ? ಅದಂತೂ ಮೊದಲ ಸುತ್ತಲ್ಲೇ ಖಾಲಿ ಆಗ್ತದೆ.

ಕ್ಯೋತೊ ನಿವಾಸಿ

ಸೇಬು ಇದೆಯಲ್ಲ, ರಿಂಗೊ! 'ರಿಂಗೊ ನೋ ಉತಾ', ನಾಮಿಕಿ ಮಿಚಿಕೊ ಹಾಡಿದ್ದು, ಯುದ್ಧ ಮುಗಿದ ಕೂಡಲೆ ಇಡೀ ಜಪಾನ್ ಹಾಡಿದ ಹಾಡು. 'ತಾ'ಗೆ ಮುಗಿಯುತ್ತೆ, ಎಂಟು ಸಾಲು ಕಲಿತರೆ ಸಾಕು. ಮಿಸೊರಾ ಹಿಬಾರಿಯ 1952ರ 'ರಿಂಗೊ ಓಯ್ವಾಕೆ' ಇನ್ನೊಂದು, ಅದು 'ಕೆ'ಗೆ ಮುಗಿಯುತ್ತೆ, ಆದರೆ ಎಳೆತ ಜಾಸ್ತಿ, ಗಂಟಲು ಗಟ್ಟಿ ಇದ್ದರೆ ಮಾತ್ರ.

ಅನಿಮೆ ಹುಚ್ಚ

'ರಿಂಗೊ ನೋ ಉತಾ' ಕಲಿಯೋಕೆ ಶುರು ಮಾಡಿದೀನಿ. ಯೊಕೊಹಾಮಾ ಸರ್, ನಿಮ್ಮ ಮ್ಯಾನೇಜರಿಗೆ 'ತಾ'ಯಿಂದ ಯಾವ ಹಾಡು ಬರುತ್ತೆ ಅಂತ ಮೊದಲೇ ವಿಚಾರಿಸಿಟ್ಕೊಳ್ಳಿ.